ತಿರುವು ಹಚ್ಚಿದ ಬ್ಯಾಟರಿ

“ಗಾಡಿ ಮ್ಯಾಲೆ ಬಟ್ಟಿ ಹೊದಿಸ್ಯಾರೇನ್ರಿ, ಸಾಹೇಬ್ರ? ಕೂಕಟ್‌ಪಲ್ಲಿ ಧೂಳು ಭಾಳ ಕೆಟ್ಟದ್ರಿ. ಹೊಸ ಬಣ್ಣ.”

ಪೊಲೀಸ್ ಠಾಣೆಯ ಬೆಂಚಿನ ಮೇಲೆ ರಾತ್ರಿ ಕಳೆದಿದ್ದ ಮೆಕ್ಯಾನಿಕ್ ಚನ್ನಬಸಪ್ಪ ನನ್ನನ್ನು ಕಂಡೊಡನೆ ಆಡಿದ ಮೊದಲ ಮಾತು ಇದು. ಸಂಜೆ ಐದರೊಳಗೆ ನಾನು ಬೇರೆ ಯಾರನ್ನಾದರೂ ತೋರಿಸದಿದ್ದರೆ ಎಸ್ಸೈ ಇವನ ಮೇಲೆ ಕಳವಿನ ಕೇಸು ಬರೆಯುತ್ತಾನೆ. ಮೂವತ್ತು ವರ್ಷ ಗ್ರೀಸಿನಲ್ಲಿ ಕೈಯಿಟ್ಟು ಗಳಿಸಿದ ಹೆಸರು ಒಂದೇ ಸಂಜೆಗೆ ಮಣ್ಣುಪಾಲು. ಇವನಿಗೆ ನೋಡಿದರೆ ಬಣ್ಣದ ಚಿಂತೆ!

“ಬಟ್ಟಿ ಹಾಳಾಗಿ ಹೋಗ್ಲಿ. ನಿನ್ನ ಒಳಗ ಹಾಕಾಕತ್ತಾರ, ತಿಳೀತೈತೋ ಇಲ್ಲೋ?” ಎಂದು ರೇಗಿದೆ.

ನಾನು ಹಣಮಂತರಾಯ. ಸಿಐಡಿಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ಮೋಟಾರಿನ ಬಗ್ಗೆ ನನಗೆ ತಿಳಿದದ್ದು ಇಷ್ಟೇ: ಬಸ್ಸು ಬಂದರೆ ಹತ್ತಬೇಕು, ಬರದಿದ್ದರೆ ಕಾಯಬೇಕು. ಅಂಥವನ ಕೊರಳಿಗೆ ಈ ಪ್ರಕರಣವನ್ನು ಕಟ್ಟಿದವಳು ಕಾಚಿಗುಡದ ನಮ್ಮ ಪಕ್ಕದ ಮನೆಯ ನಲಿನಿ, ಕಾಲೇಜಿನಲ್ಲಿ ಪಾಠ ಹೇಳುವವಳು.

ಈವರೆಗೆ ಆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಅವಳ ಅಪ್ಪ ದತ್ತಾತ್ರೇಯರಾಯರು 1969ರಲ್ಲಿ ತಮ್ಮ ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಮರಕ್ಕೆ ಬಡಿದು ತೀರಿಕೊಂಡರು. ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಆ ಕಾರನ್ನು ಚನ್ನಬಸಪ್ಪ ಎರಡು ವರ್ಷ ಕೂತು ಹೊಸದು ಮಾಡಿದ. ಮೊನ್ನೆ ಬುಧವಾರ, ಬ್ಯಾಟರಿಯ ತಟ್ಟೆಯ ಕೆಳಗೆ ಮೇಣದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿದೆ ಎಂದು ನಲಿನಿಗೆ ಫೋನ್ ಮಾಡಿದ. ಗುರುವಾರ ಮಧ್ಯಾಹ್ನ ಗಂಟು ಮಾಯ.

“ಸಿಕ್ಕ ದಿನಾನ ಒಯ್ದು ಕೊಡಬೇಕಿಲ್ಲೇನು? ಇದ್ದಲ್ಲೇ ಯಾಕ ಬಿಟ್ಟಿ?”

“ಮಂದಿ ಮನಿ ಸಾಮಾನು ನಾ ಮುಟ್ಟಂಗಿಲ್ರಿ. ನೀವಽ ಬಂದು ನಿಮ್ಮ ಕೈಯಾರ ತಗೋರಿ ಅಂದೆ. ಅಕ್ಕಾರು ಶನಿವಾರ ಬರ್ತೀನಿ ಅಂದ್ರು.”

ಇಂಥ ಪ್ರಾಮಾಣಿಕತೆ ಕಂಡರೆ ನನಗೆ ಮೈ ಉರಿಯುತ್ತದೆ. ಗಂಟನ್ನು ಮುಟ್ಟದವನು ಗಂಟುಕಳ್ಳನಾಗಿ ಕೂತಿದ್ದಾನೆ.

“ಬೀಗ ಒಡದಿಲ್ಲ. ಕೀಲಿ ನಿನ್ನ ಕಡೆ. ನೀ ಎಲ್ಲಿ ಹೋಗಿದ್ದಿ?”

“ಹನ್ನೆರಡರಿಂದ ಎರಡರ ತನಕ ಮನ್ಯಾಗ್ರಿ. ಲಿಂಗಪೂಜಿ, ಊಟ. ನಾ ಆಗ ಇರಂಗಿಲ್ಲಂತ ನನ್ನ ಗಿರಾಕಿಗೋಳಿಗೆಲ್ಲಾ ಗೊತ್ತೈತಿ. ತಿರುಗಿ ಬಂದು ಬಾಗ್ಲಾ ತಗದ್ರ ಶೆಡ್ಡಿನ ತುಂಬ ವೈರ್ ಸುಟ್ಟ ವಾಸನಿ. ನೋಡ್ತೀನಿ, ಬ್ಯಾಟರಿ ತಿರುವು ಹಚ್ಚ್ಯಾರ್ರಿ!” ಅವನು ತೋಳಿನಿಂದ ಕಣ್ಣೊರೆಸಿಕೊಂಡ. “ಹೊಸ ಆಲ್ಟರ್‌ನೇಟರ್ ಸುಟ್ಟು ಹೋತ್ರಿ, ಸಾಹೇಬ್ರ.”

ಗಂಟು ಹೋದದ್ದಕ್ಕಲ್ಲ, ತಾನು ಜೈಲಿಗೆ ಹೋಗುವುದಕ್ಕಲ್ಲ, ಆಲ್ಟರ್‌ನೇಟರಿಗೆ ಅವನ ಕಣ್ಣಲ್ಲಿ ನೀರು. ನಾನು ಹಣೆ ಒತ್ತಿಕೊಂಡೆ.

“ತಿರುವು ಅಂದ್ರ ಏನು? ನನಗ ತಿಳಿಯೂ ಹಂಗ ಹೇಳು.”

“ಹಳೀ ಇಂಗ್ಲೆಂಡ್ ಗಾಡಿ ರೀತಿನಽ ಬ್ಯಾರೆ ಇತ್ರಿ. ಬ್ಯಾಟರಿದು ಪ್ಲಸ್ ವೈರು ಗಾಡಿ ಬಾಡಿಗೆ ಹಚ್ತಿದ್ರು. ಈಗಿನ ಗಾಡಿಗೆಲ್ಲಾ ಮೈನಸ್ ಬಾಡಿಗೆ. ಅಕ್ಕಾರು ಏನಂದ್ರು? ದಿನಾ ಉಪ್ಪಲ್ ಕಾಲೇಜಿಗೆ ಇದರಾಗಽ ಹೋಗಾಕಿ ಅಂದ್ರು. ಹಳೀ ಡೈನಮೋ ಹಚ್ಚಿ ದಿನಾ ಓಡಸಾಕ ಆಗ್ತೈತೇನ್ರಿ? ಅದನ್ನ ತಗದು ಕರೆಂಟ್ ಹುಟ್ಟಸೂ ಹೊಸಾ ನಮೂನಿ ಆಲ್ಟರ್‌ನೇಟರ್ ಕುಂದ್ರಿಸಿದೆ. ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿದೆ. ಟ್ರಾಫಿಕ್‌ನ್ಯಾಗ ನೀರು ಕುದೀಬಾರದಂತ ಕರೆಂಟ್ ಫ್ಯಾನ್ ಇಟ್ಟೆ. ಬ್ಯಾಟರಿ ವೈರೂ ಈಗಿನ ರೀತಿಗೆ ಬದಲಿ ಮಾಡಿದೆ. ಯಾವನೋ ಬಂದು ಮತ್ತ ಹಳೀ ರೀತಿಗೆ ಹಚ್ಚಿ ಹೋಗ್ಯಾನ.”

“ಕಳ್ಳ ಅವಸರದಾಗ ತಪ್ಪು ಹಚ್ಚಿರಬೇಕು.”

“ಅವಸರದಾಗ ಆಗೂ ತಪ್ಪಲ್ರಿ ಇದು!” ಮೊದಲ ಬಾರಿ ಅವನು ದನಿ ಏರಿಸಿದ. “ಪ್ಲಸ್ ಗೂಟ ದಪ್ಪ, ಮೈನಸ್ ಗೂಟ ಸಣ್ಣದು. ವೈರಿನ ಹಿಡಿಕಿನೂ ಅದಕ್ಕ ತಕ್ಕಂಗ. ಸಣ್ಣ ಹಿಡಿಕಿ ಹಿಗ್ಗಿಸಿ, ಬಡಿಬಡಿದು ದಪ್ಪ ಗೂಟಕ್ಕ ಕುಂದ್ರಿಸ್ಯಾರ.”

ಈ ಮಾತಿಗೆ ನನ್ನ ತಲೆ ಸ್ವಲ್ಪ ಓಡಿತು.

ಗಂಟು ಕದ್ದು ಓಡುವವನು ಬ್ಯಾಟರಿಯನ್ನು ಮರಳಿ ಜೋಡಿಸುವ ಗೋಜಿಗೇ ಹೋಗುವುದಿಲ್ಲ. ಇವನು ಜೋಡಿಸಿದ್ದಾನೆ. ಹೊಂದದಿದ್ದರೂ ಬಡಿದು ಹೊಂದಿಸಿದ್ದಾನೆ. ಅಂದರೆ ತಾನು ಮಾಡುತ್ತಿರುವುದೇ ಸರಿ ಎಂದು ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಈ ಕಾರನ್ನು ಅರವತ್ತರ ದಶಕದಲ್ಲಿ ಬಲ್ಲವನು, ಆಮೇಲೆ ಏನು ಬದಲಾಯಿತೆಂದು ತಿಳಿಯದವನು. ಬದಲಾಯಿಸಿದ ಚನ್ನಬಸಪ್ಪ ಈ ತಪ್ಪನ್ನು ನಿದ್ದೆಗಣ್ಣಿನಲ್ಲಿಯೂ ಮಾಡಲಾರ.

ಇದನ್ನೆಲ್ಲ ಎಸ್ಸೈಗೆ ಬಿಡಿಸಿ ಹೇಳಿದೆ. ಅವನು ಆಕಳಿಸಿ, ಪ್ಲಸ್ಸು ಮೈನಸ್ಸನ್ನು ಕೋರ್ಟಿನಲ್ಲಿ ನಿಲ್ಲಿಸಲಿಕ್ಕಾಗುವುದಿಲ್ಲ ಸಾರ್, ಒಬ್ಬ ಮನುಷ್ಯನನ್ನು ತನ್ನಿ ಎಂದು ತೆಲುಗಿನಲ್ಲಿ ಹೇಳಿದ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಹೊರಗೆ ಆಟೋದಲ್ಲಿ ನಲಿನಿ ಕಾಯುತ್ತಿದ್ದಳು. ದೂರು ಕೊಟ್ಟವಳೂ ಅವಳೇ, ಈಗ ಚನ್ನಬಸಪ್ಪನನ್ನು ಬಿಡಿಸಿ ಕಾಕಾ ಎಂದು ಪ್ರಾಣ ತಿನ್ನುತ್ತಿರುವವಳೂ ಅವಳೇ. ಬ್ಯಾಟರಿಯನ್ನು ಕಣ್ಣಾರೆ ನೋಡಬೇಕೆಂದು ಗ್ಯಾರೇಜಿಗೆ ಹೋದೆವು. ಬೀಗ ಹೇಗೆ ತೆಗೆಯುವುದು ಎಂದು ನಾನು ಯೋಚಿಸುತ್ತಿದ್ದರೆ ಈಕೆ ಪರ್ಸಿನಿಂದ ಕೀಲಿ ತೆಗೆದು ಬಾಗಿಲು ತೆರೆದೇಬಿಟ್ಟಳು.

“ಈ ಕೀಲಿ ಎಲ್ಲಿಂದ ಬಂತು?”

“ನನ್ನ ಕಡೆನೂ ಒಂದು ಅದ, ಕಾಕಾ. ಹೋಗ್ತಾ ಬರ್ತಾ ಗಾಡಿ ನೋಡ್ಲಿಕ್ಕೆ ಚನ್ನಬಸಪ್ಪನಽ ಕೊಟ್ಟಿದ್ದ.”

“ಪೊಲೀಸರ ಮುಂದ ಹೇಳಿದ್ಯಾ?”

“ಅವರು ಕೇಳ್ಲಿಲ್ಲಲ್ಲಾ.”

ನನಗೆ ಕೂಗಿಕೊಳ್ಳಬೇಕೆನಿಸಿತು. ಒಬ್ಬ ಮನುಷ್ಯ ಒಂದೇ ಕೀಲಿಯ ಮೇಲೆ ಜೈಲಿಗೆ ಹೊರಟಿದ್ದಾನೆ, ಎರಡನೆಯದು ಈಕೆಯ ಪರ್ಸಿನಲ್ಲಿ ಪೌಡರ್ ಡಬ್ಬಿಯ ಪಕ್ಕದಲ್ಲಿದೆ.

“ಗುರುವಾರ ಎಲ್ಲಿತ್ತು?”

“ಮನ್ಯಾಗ. ದೇವರ ಮನಿ ಬಾಜೂ ಮೊಳಿಗೆ ಹಾಕಿರ್ತೀನಿ.”

“ಗಂಟು ಸಿಕ್ಕ ಸುದ್ದಿ ಮನ್ಯಾಗ ಯಾರ ಮುಂದ ಹೇಳಿದಿ?”

“ಊಟದಾಗ ಹೇಳಿದೆ. ಅವ್ವ ಇದ್ಲು, ಮಲ್ಲಣ್ಣ ಇದ್ದ. ಯಾಕ್ರೀ?”

ಮಲ್ಲಣ್ಣ! ರಾಯರ ಕಾಲದ ಡ್ರೈವರು. ಎಪ್ಪತ್ತು ದಾಟಿದರೂ ಇವತ್ತಿಗೂ ಮನೆಯ ಮಾರುತಿ ಕಾರನ್ನು ಓಡಿಸುವವನು. ಹಳೆಯ ಕೈ, ಮನೆಯ ಕೀಲಿ, ಮಾರುತಿ ಕಾರು, ಎಲ್ಲ ಒಂದೇ ಕಡೆ. ಕೇಸು ಮುಗಿಯಿತು ಎಂದುಕೊಂಡೆ. ಬ್ಯಾಟರಿಯನ್ನು ವೈರುಗಳ ಸಮೇತ ಬಿಚ್ಚಿಸಿ ಆಟೋದಲ್ಲಿ ಹಾಕಿಸಿಕೊಂಡೆ. ಕಾಚಿಗುಡ ಮುಟ್ಟುವಷ್ಟರಲ್ಲಿ ಅದರ ಆಸಿಡ್ಡು ತುಳುಕಿ ನನ್ನ ಪ್ಯಾಂಟಿಗೆ ಎರಡು ತೂತು. ಹೆಂಡತಿಗೆ ಏನು ಹೇಳುವುದೋ ದೇವರೇ ಬಲ್ಲ.

ನಲಿನಿಯ ತಾಯಿ ಮಂದಾಕಿನಿಬಾಯಿ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅರವತ್ತೆಂಟು ವರ್ಷದ ತೆಳ್ಳನೆಯ ಹೆಂಗಸು. ಕಾರಿನ ಸುದ್ದಿ ಎತ್ತಿದರೆ ಸಾಕು, ತಲೆ ತಿರುಗುತ್ತದೆ ಎಂದು ಒಳಗೆ ಎದ್ದು ಹೋಗುವವರು. ಬ್ಯಾಟರಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು, ಆದರೆ ಏಳಲಿಲ್ಲ.

ಮಲ್ಲಣ್ಣನನ್ನು ಕರೆದು ನಿಲ್ಲಿಸಿದೆ.

“ಗುರುವಾರ ಮಧ್ಯಾಹ್ನ ಎಲ್ಲಿದ್ದಿ?”

ಅವನು ಒಮ್ಮೆ ಮಂದಾಕಿನಿಬಾಯಿಯ ಕಡೆ ನೋಡಿದ. ಆಮೇಲೆ ಕೈಕಟ್ಟಿ, “ನಾನಽ ತಗದೇನ್ರಿ, ಸಾಹೇಬ್ರ. ಗಂಟು ನಾನಽ ತಗದೆ. ನನ್ನ ಒಯ್ರಿ” ಅಂದ.

ಮೂವತ್ತೈದು ವರ್ಷದ ನೌಕರಿಯಲ್ಲಿ ಮೊದಲ ಪ್ರಶ್ನೆಗೇ ತಪ್ಪೊಪ್ಪಿಕೊಂಡವರನ್ನು ನಾನು ನಂಬಿದ್ದಿಲ್ಲ. ಸಂತೋಷವಾಗಬೇಕಿತ್ತು, ಬೇಸರವಾಯಿತು.

“ಗಂಟಿನಾಗ ಏನಿತ್ತು?”

“ಅದು... ಸಾಮಾನ್ರಿ.”

“ಎಂಥಾ ಸಾಮಾನು?”

“ಹಳೀದ್ರಿ.”

“ಶಾಣ್ಯಾ ಇದ್ದಿ. ಬ್ಯಾಟರಿ ನೀನಽ ಹಚ್ಚಿದಿ?”

“ಹೂನ್ರಿ.”

“ಹಂಗಾರ ಈಗ ಹಚ್ಚಿ ತೋರ್ಸು.” ಕಬ್ಬಿಣದ ಕುರ್ಚಿಯೊಂದನ್ನು ಅವನ ಮುಂದೆ ಎಳೆದೆ. “ಇದಽ ದತ್ತಾತ್ರೇಯರಾಯರ ಗಾಡಿ ಬಾಡಿ ಅಂತ ತಿಳಿ. ಯಾವ ವೈರು ಇದಕ್ಕ ಬರ್ತೈತಿ, ಹಚ್ಚು.”

ಮಲ್ಲಣ್ಣ ಕುಕ್ಕರಗಾಲಲ್ಲಿ ಕೂತ. ಸ್ವಲ್ಪವೂ ಯೋಚಿಸದೆ ಮೈನಸ್ ಗೂಟದಿಂದ ವೈರು ಎಳೆದು ಕುರ್ಚಿಯ ಕಾಲಿಗೆ ಹಿಡಿದ. ಮಾರುತಿ ಕಾರಿಗೆ ಹಚ್ಚುವ ಹಾಗೆ, ಈಗಿನ ಎಲ್ಲರೂ ಹಚ್ಚುವ ಹಾಗೆ.

ಅಂದರೆ ಇವನಲ್ಲ. ನನ್ನ ಲೆಕ್ಕಾಚಾರ ಅಲ್ಲಿಗೇ ಕುಸಿದುಬಿತ್ತು.

“ತಪ್ಪು ಹಚ್ಚೀದಿ, ಮಲ್ಲಣ್ಣಾ.”

ಹಿಂದಿನಿಂದ ಬಂದ ದನಿ. ಮಂದಾಕಿನಿಬಾಯಿ ಅವರೆಕಾಯಿಯ ಬುಟ್ಟಿಯನ್ನು ಬದಿಗೆ ಸರಿಸಿದ್ದರು. “ಆ ಗಾಡಿಗೆ ಪ್ಲಸ್ ಬಾಡಿಗೆ ಬರ್ತದ. ಎಷ್ಟು ಸಲ ಹೇಳ್ಬೇಕು ನಿನಗ?”

“ನಾ ಅವತ್ತೂ ಹೇಳ್ದೆ, ಬಾಯಾರ! ಹಿಡಿಕಿ ಕುಂದ್ರವಲ್ದು, ಬ್ಯಾಡ್ರಿ ಅಂದೆ. ನೀವಽ ಸುತಗಿ ಕಸ್ಕೊಂಡು ಬಡದ್ರಿ!”

ಆಡಿದ ಮೇಲೆ ಅವನಿಗೆ ಎಚ್ಚರವಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಅವ್ವಾ?” ನಲಿನಿ ಗೋಡೆಗೆ ಒರಗಿದಳು. “ನಿನಗ ಕಾರು ಅಂದ್ರ ತಲಿ ತಿರಗ್ತದಲ್ಲಾ!”

“ನಿಮ್ಮಪ್ಪ ಕೆಲಸದ ಮ್ಯಾಲೆ ತಿಂಗಳಾನುಗಟ್ಲೆ ಕ್ಯಾಂಪಿಗೆ ಹೋಗ್ತಿದ್ರು. ಬ್ಯಾಟರಿ ಬಿಚ್ಚಿ ಇಡೋದು, ವಾರಕ್ಕೊಮ್ಮೆ ಹಚ್ಚಿ ಇಂಜಿನ್ ಚಾಲೂ ಮಾಡೋದು ಎಲ್ಲಾ ನನಗಽ ಕಲಿಸಿದ್ರು. ಮಂದಿ ಏನಂದಾರಂತ ಯಾರ ಮುಂದೂ ಹೇಳ್ಲಿಲ್ಲ. ಗುರುವಾರ ಮಲ್ಲಣ್ಣನ ಕರಕೊಂಡು ಹೋಗಿ ನಾನಽ ಗಂಟು ತಗದೆ. ನಾನು ಇಟ್ಟದ್ದು, ನಾನು ತಗದೆ. ಬ್ಯಾಟರಿ ಹಾಂಗಽ ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ. ಮತ್ತ ಹಚ್ಚಿದೆ. ಕಿಡಿ ಹಾರಿ ಹೊಗಿ ಎದ್ದಿತು, ಓಡಿ ಬಂದ್ವಿ.”

ನನಗೆ ಸಿಟ್ಟು ನೆತ್ತಿಗೇರಿತು. ತಮ್ಮ ಮನೆಯ ಗಂಟನ್ನು ತಾವೇ ತೆಗೆದು, ಒಬ್ಬ ಬಡಪಾಯಿಯನ್ನು ಠಾಣೆಯಲ್ಲಿ ಕೂಡಿಸಿ, ಇವರು ಅವರೆಕಾಯಿ ಸುಲಿಯುತ್ತ ಕೂತಿದ್ದಾರೆ!

“ವೈನಿ, ಆ ಮನುಷ್ಯ ರಾತ್ರಿಯೆಲ್ಲಾ ಬೆಂಚಿನ ಮ್ಯಾಲೆ ಕೂತಾನ. ನಿಮಗ ಏನೂ ಅನಸಲಿಲ್ಲೇನು?”

ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಫೋನ್ ತಿರುಗಿಸಿದೆ. “ಹಣಮಂತರಾಯರ, ಸ್ವಲ್ಪ ತಡೀರಿ” ಎಂದು ಅವರು ಹಿಂದೆಯೇ ಬಂದರು. ಕೈ ಬೀಸಿ ಸುಮ್ಮನಾಗಿಸಿದೆ. ಗಂಟನ್ನು ಮನೆಯವರೇ ತೆಗೆದದ್ದು, ಕಳವೇ ಆಗಿಲ್ಲ, ಚನ್ನಬಸಪ್ಪನನ್ನು ಈ ಕ್ಷಣ ಬಿಡಿ, ನನ್ನ ಮಾತಿನ ಮೇಲೆ ಬಿಡಿ ಎಂದು ಎಸ್ಸೈಗೆ ಹೇಳಿದೆ. ಅವನಿಗೂ ಒಂದು ಕಾಗದ ಉಳಿಯಿತೆಂಬ ಸಂತೋಷ. ದೂರು ಕೊಟ್ಟ ನಲಿನಿಯ ಬಾಯಿಂದಲೂ ಹೂಂ ಅನ್ನಿಸಿದೆ. ಗೆದ್ದ ಠೀವಿಯಲ್ಲಿ ರಿಸೀವರ್ ಇಟ್ಟೆ.

ಆಮೇಲೆ ಕೇಳಿದೆ, “ಎಲ್ಲಿ, ಆ ಗಂಟು ತೋರಿಸ್ರಿ.”

ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳಿದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ.

ಮಂದಾಕಿನಿಬಾಯಿ ಗೋದ್ರೆಜ್ ಕಪಾಟಿನಿಂದ ಅದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಹೊರಗೆ ಹಳೆಯ ಮೇಣದ ಬಟ್ಟೆ. ಒಳಗೆ ನ್ಯೂಸ್‌ಪೇಪರು. ಅದರೊಳಗೆ ನಲ್ಲಿಯ ನೀರಿನ ಪೈಪಿನ ಗೇಣುದ್ದದ ತುಂಡು.

“ನಾನು ಇಟ್ಟದ್ದು ಇದಲ್ಲ” ಎಂದರು. “ಅಪಘಾತ ಆದಮ್ಯಾಲೆ ಗಾಡಿ ಎಳಕೊಂಡು ಬಂದು ಶೆಡ್ಡಿನಾಗ ನಿಲ್ಲಿಸಿದ್ರಲ್ಲಾ, ಅವತ್ತು ನಾನು ಕೆಳಗ ಮಲಗಿ ನೋಡಿದೆ. ಬ್ರೇಕಿನ ಎಣ್ಣಿ ಹೋಗೋ ಸಣ್ಣ ಪೈಪು ಗರಗಸದಿಂದ ಅರ್ಧ ಕೊಯ್ದದ್ದಿತ್ತು. ಅದನ್ನ ಬಿಚ್ಚಿ ಈ ಬಟ್ಟಿಯೊಳಗ ಸುತ್ತಿ ಇಟ್ಟಿದ್ದೆ. ಬಟ್ಟಿ ನಂದಽ, ಒಳಗಿನ ಪೈಪು ನಂದಲ್ಲ.”

ನಲಿನಿ ಕುರ್ಚಿ ಎಳೆದು ತಾಯಿಯ ಎದುರಿಗೆ ಕೂತಳು. ಅಪ್ಪ ಸತ್ತದ್ದು ಅಪಘಾತದಲ್ಲಿ ಎಂದು ಇಪ್ಪತ್ತೆಂಟು ವರ್ಷದಿಂದ ನಂಬಿದ್ದವಳು.

ನಾನು ಪೇಪರನ್ನು ಬೆಳಕಿಗೆ ಹಿಡಿದೆ. ಹೋದ ಡಿಸೆಂಬರ್ ಹದಿನೇಳನೆಯ ತಾರೀಖು. ಇನ್ನೂ ಐದು ವಾರ ತುಂಬಿರಲಿಲ್ಲ.

“ಹೌದಲ್ಲಾ, ಕಾಕಾ” ಎಂದಳು ನಲಿನಿ ತಡವರಿಸುತ್ತ. “ಹೋದ ವರ್ಷ ಚನ್ನಬಸಪ್ಪ ಗಾಡಿ ಪೂರಾ ಬಿಚ್ಚಿ ಬರೀ ತಗಡು ಮಾಡಿದ್ದ. ಬ್ಯಾಟರಿ ತಟ್ಟಿ ನಾನಽ ಕೈಯಾಗ ಹಿಡದು ನೋಡೀನಿ. ಆಗ ಕೆಳಗ ಯಾವ ಗಂಟೂ ಇರ್ಲಿಲ್ಲ.”

“ಇದನ್ನ ಈಗ ಹೇಳ್ತಿ?”

“ನೀವು ಕೇಳ್ಲಿಲ್ಲಲ್ಲಾ.”

ಈ ಮನೆಯಲ್ಲಿ ಯಾರಿಗೂ ಕೇಳದೆ ಬಾಯಿ ಬಿಡುವ ಅಭ್ಯಾಸವಿಲ್ಲ!

“ನಾ ಸುಮ್ಮನ ಕೂತದ್ದು ಯಾಕಂತ ಈಗ ತಿಳೀತಾ?” ಮಂದಾಕಿನಿಬಾಯಿಯ ದನಿ ಸಣ್ಣಗೆ ನಡುಗುತ್ತಿತ್ತು. ದುಃಖಕ್ಕಲ್ಲ, ನನ್ನ ಮೇಲಿನ ಸಿಟ್ಟಿಗೆ. “ನನ್ನ ಪೈಪು ತಗದು ಇದನ್ನ ಇಟ್ಟಂವ ಆ ಚನ್ನಬಸಪ್ಪ. ಯಾರ ಸಲುವಾಗಿ ತಗದಾನೋ ಗೊತ್ತಿಲ್ಲ. ಪೊಲೀಸರ ಕಡೆ ಇದ್ರ ಎಲ್ಲೂ ಓಡಿ ಹೋಗಾಂಗಿಲ್ಲ, ಅಷ್ಟರಾಗ ನಿಮಗ ಹೇಳೋಣಂತ ಧೈರ್ಯ ಮಾಡ್ಲಿಕತ್ತಿದ್ದೆ. ನೀವು ತಡೀರಿ ಅಂದ್ರ ತಡೀಲಿಲ್ಲ.”

ಮತ್ತೆ ಫೋನ್ ತಿರುಗಿಸಿದೆ. ಮೂರು ಸಲ ಎಂಗೇಜು. ನಾಲ್ಕನೆಯ ಸಲ ರೈಟರ್ ಎತ್ತಿಕೊಂಡ. ಬಿಟ್ಟು ಕಾಲು ಗಂಟೆಯಾಯಿತು ಸಾರ್, ಗ್ಯಾರೇಜಿನ ದಾರಿ ಹಿಡಿದ, ನಿಮ್ಮದೇ ಮಾತಿನ ಮೇಲೆ ಬಿಟ್ಟದ್ದಲ್ಲವೇ ಎಂದ. ಒಬ್ಬ ಕಾನ್‌ಸ್ಟೇಬಲನನ್ನು ಅಟ್ಟಿದರು. ಗ್ಯಾರೇಜಿಗೆ ಬೀಗ, ಮನೆಗೆ ಬಂದಿಲ್ಲ ಎಂದು ಮುಕ್ಕಾಲು ಗಂಟೆಯ ಮೇಲೆ ವರದಿ ಬಂತು. ಫೋನಿನ ಪಕ್ಕದಲ್ಲೇ ಕೂತೆ. ಊಟಕ್ಕೆ ಏಳಿ ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಎರಡು ಗಂಟೆಯ ಸುಮಾರಿಗೆ ಗೇಟು ಸದ್ದು ಮಾಡಿತು.

ಚನ್ನಬಸಪ್ಪ! ಓಡಿಹೋಗಿರಬೇಕಾದ ಮನುಷ್ಯ ತಾನಾಗಿಯೇ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಮಡಿಸಿದ ಗ್ಯಾರೇಜಿನ ಬಟ್ಟೆ. ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಮಂದಾಕಿನಿಬಾಯಿಯ ಮುಂದೆ ನಿಂತು ಬಟ್ಟೆ ಬಿಚ್ಚಿದ. ಬೆರಳಿಗಿಂತ ಸಪೂರವಾದ ಹಳೆಯ ಪೈಪು. ನಡುವೆ ಗರಗಸದ ಗೆರೆ ಸ್ಪಷ್ಟವಾಗಿತ್ತು.

“ಇದಽ ಅಲ್ರೀ, ನೀವು ಹುಡುಕಾಕ ಬಂದದ್ದು?”

“ಅದನ್ನ ತಗದಂವ ನೀನಽ?” ನಾನು ಎದ್ದು ನಿಂತೆ. “ಮಂದಿ ಸಾಮಾನು ಮುಟ್ಟಂಗಿಲ್ಲಂತ ನನಗ ಭಾಷಣಾ ಬ್ಯಾರೆ ಬಿಗದಿ!”

“ಸುಳ್ಳು ಹೇಳಿದ್ನಿರಿ, ಸಾಹೇಬ್ರ. ತಪ್ಪಾತು. ಗಾಡಿ ಬಿಚ್ಚಿದಾಗ ಹೋದ ವರ್ಷನಽ ಸಿಕ್ಕಿತ್ತು. ಯಾರೋ ಬೇಕಂತಽ ಬ್ರೇಕು ಕೊಯ್ದಾರಂತ ನೋಡಿದ ಕೂಡ್ಲೆ ತಿಳೀತು. ಈ ಅಕ್ಕಾರು ದಿನಾ ಆ ಗಾಡಿ ಓಡಸಾಕಿ. ಬ್ರೇಕು ಕೊಯ್ಯೋ ಕೈ ಆಕಿ ಮನ್ಯಾಗಽ ಇದ್ರ ನಾ ಹ್ಯಾಂಗ ಗಾಡಿ ಕೊಡ್ಲಿ? ಎಷ್ಟು ಡಿಸ್ಕ್ ಬ್ರೇಕ್ ಹಾಕಿ ಏನು ಬಂತು? ಅದಕ್ಕ ಬ್ಯಾರೆ ತುಂಡು ಸುತ್ತಿ ಇಟ್ಟು, ಗಂಟು ಸಿಕ್ಕೈತಿ ಅಂತ ಫೋನ್ ಮಾಡಿದೆ. ಕೊಯ್ದವ್ರಿದ್ರ ಓಡಿ ಬರ್ತಾರಂತ ಗೊತ್ತಿತ್ತು. ಬಾಗ್ಲಾ ಹಾಕಿ ಪೂಜಿಗೆ ಹೋದೆ. ಯಾರು ಬಂದ್ರಂತ ಎದುರಿನ ಚಾಯ್ ಅಂಗಡಿಯಂವ ಈಗ ಹೇಳ್ದ.” ಅವನು ಮಂದಾಕಿನಿಬಾಯಿಯನ್ನೇ ದಿಟ್ಟಿಸಿದ. “ಬಿಳೀ ಮಾರುತಿ. ವಯಸ್ಸಾದ ಬಾಯಾರು. ಗಂಡನ ಗಾಡಿ ಬ್ರೇಕು ನೀವಽ ಕೊಯ್ದ್ರೇನ್ರಿ?”

“ಚನ್ನಬಸಪ್ಪಾ!” ಎಂದು ಚೀರಿದಳು ನಲಿನಿ.

ಮಂದಾಕಿನಿಬಾಯಿ ಪೈಪನ್ನು ಕೈಗೆ ತೆಗೆದುಕೊಂಡರು. ಗರಗಸದ ಗೆರೆಯ ಮೇಲೆ ಬೆರಳಾಡಿಸಿದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ.

“ನಾನು ಬರೀ ಇಂಜಿನ್ ಚಾಲೂ ಮಾಡ್ತಿದ್ದೆ ಅಂತ ಹೇಳಿದೆ. ಅದು ಅರ್ಧ ಮಾತು. ಗಾಡಿ ಓಡಿಸ್ತಿದ್ದೆ, ಅದು ಹೊರಗ ಬೀಳ್ತದಂತಽ ಈ ಪೈಪಿನ ಸುದ್ದಿ ಮುಚ್ಚಿಟ್ಟೆ. ಓಣಿ ಏಳೋದ್ರೊಳಗ ಉಪ್ಪಲ್ ತನಕ ಹೋಗಿ ಬರ್ತಿದ್ದೆ. ರಸ್ತಾ ಆಗ ಖಾಲಿ ಇರ್ತಿತ್ತು. ಆವತ್ತು ಗುರುವಾರ, ನನ್ನ ಪಾಳಿ. ಹೊರಗ ಥಂಡಿ ಅದ, ಇವತ್ತು ನೀ ಮಲಕೋ ಅಂತ ಹೇಳಿ ನಲಿನಿ ಅಪ್ಪ ಕೀಲಿ ಕಸಕೊಂಡು ತಾವು ಹೋದ್ರು.” ಅವರು ತಲೆಯೆತ್ತಿದರು. “ಇಷ್ಟು ವರ್ಷ ತಪ್ಪು ತಿಳದಿದ್ದೆ. ಇದನ್ನ ಕೊಯ್ದದ್ದು ಅವರ ಸಲುವಾಗಿ ಅಲ್ಲ, ಹಣಮಂತರಾಯರ. ನನ್ನ ಸಲುವಾಗಿ.”

“ನೀವು ಗಾಡಿ ಓಡಿಸೋದು ಯಾರಿಗೆ ಗೊತ್ತಿತ್ತು?”

“ಇಬ್ಬರಿಗೆ. ಅವರಿಗೆ, ಮತ್ತ...”

ಅವರ ನೋಟ ವರಾಂಡದ ಕಡೆ ಹೋಯಿತು. ನಾವೆಲ್ಲ ಅತ್ತ ತಿರುಗಿದೆವು. ಮಲ್ಲಣ್ಣ ಅಲ್ಲಿರಲಿಲ್ಲ, ಗೇಟಿನ ಹೊರಗೆ ಮಾರುತಿ ಕಾರು ಸ್ಟಾರ್ಟ್ ಆಯಿತು.